ನಾಲ್ಕನೇ ಮಾಳಿಗೆಗೆ ಮೊದಲು

ಭಾನುವಾರ ಬೆಳಿಗ್ಗೆ ಅಣವೀರಪ್ಪ ತಲೆಗೆ ಸಾಬೂನು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ನಲ್ಲಿ ಕೈಕೊಟ್ಟಿತು. ಕಣ್ಣು ಮುಚ್ಚಿಕೊಂಡೇ ಚೊಂಬಿಗಾಗಿ ತಡಕಾಡಿದರೆ ಸಿಕ್ಕಿದ್ದು ನೆಲ ಉಜ್ಜುವ ಬ್ರಷ್ಷು.

"ಮುಂದಿನ ಐತವಾರದೊಳಗ ನೀರಿಂದು ಬಗೀಹರೀಲಿಲ್ಲಂದ್ರ ನಾ ವಿಜಯಪುರಕ್ಕ ತವರಮನಿಗೆ ಹೊಂಟೆ" ಎಂದಳು ಹೆಂಡತಿ ನಾಗವ್ವ. ಅವಳು ಹೇಳಿದರೆ ಹೊರಡುವವಳೇ.

ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ತಾರಸಿಯ ನೀರಿನ ಟಾಕಿ ಒಡೆದು ವರ್ಷವಾಗಿತ್ತು. ಬೆಳಿಗ್ಗೆ ನಲವತ್ತು ನಿಮಿಷ ಬರುವ ನೀರನ್ನು ಕೆಳಗಿನವರು ಮೊದಲು ಹಿಡಿಯುತ್ತಿದ್ದರು. ನಾಲ್ಕನೇ ಮಾಳಿಗೆಯ ಬಾಡಿಗೆದಾರ ಅಣವೀರಪ್ಪನ ನಲ್ಲಿಗೆ ಬರುತ್ತಿದ್ದದ್ದು ಬರೀ ಗಾಳಿ. ಪಾಪ, ಸಿಟ್ಟು ಬಾರದ ಮನುಷ್ಯನಿಗೂ ಅಂದು ಸಿಟ್ಟು ಬಂತು. ಸಾಬೂನಿನ ತಲೆಯಲ್ಲೇ ಕೆಳಗಿಳಿದು ಮೀಟಿಂಗ್ ಕರೆಸಿದ.

"ಐದೂ ಮನಿಗೆ ಎಂಟೆಂಟು ನಿಮಿಷ. ಸಮಾನತೆ!" ಎಂದರು ಸೆಕ್ರೆಟರಿ ಬಸವಂತರಾಯರು.

"ನಮ್ಮ ಮಟ ನೀರ ಹತ್ತಾಕ ಏಳು ನಿಮಿಷ ಬೇಕ್ರಿ. ಒಂದು ನಿಮಿಷದ ಸಮಾನತೆ ತಗೊಂಡು ಏನ್ ಮಾಡ್ಲಿ?" ಎಂದ ಅಣವೀರಪ್ಪ.

"ನಾವು ಮೂವತ್ತು ವರ್ಷದಿಂದ ಇಲ್ಲಿದ್ದೀವಿ. ಮೊದಲ ಬಂದವ್ರಿಗೆ ಮೊದಲ" ಎಂದರು ಒಂದನೇ ಮಾಳಿಗೆಯ ನೀಲಾವತಿಬಾಯಿ.

"ನಮ್ಮ ಮನ್ಯಾಗ ಒಂಬತ್ತು ಮಂದಿ. ತಲಿ ಎಣಿಸಿ ಕೊಡ್ರಿ" ಎಂದ ಎರಡನೇ ಮಾಳಿಗೆಯ ಗುರಲಿಂಗಪ್ಪ.

"ಎಣಸೂಕಿಂತ ಮೊದಲ ಅಣವೀರಪ್ಪನ ತಲಿ ತೊಳಸ್ರಿ!" ಎಂದು ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣವೀರಪ್ಪನ ಕಣ್ಣಲ್ಲಿ ನೀರು ಬಂತು. ಸಾಬೂನಿನದೋ ಅವಮಾನದ್ದೋ ಅವನಿಗೇ ತಿಳಿಯಲಿಲ್ಲ.

ಆಗ ಎದ್ದವಳು ಕಾಲೇಜಿಗೆ ಹೋಗುವ ಅವನ ಮಗಳು ಸ್ನೇಹಲ್. "ಅಂಕಲ್, ಮಾನ್ ಲೋ, ಯಾರಿಗೆ ಯಾವ ಫ್ಲೋರ್ ಸಿಗ್ತೈತಂತ ಯಾರಿಗೂ ಮಾಲೂಮ್ ನಹೀ. ಪಹಲೇ ರೂಲ್ ಮಾಡ್ರಿ, ಬಾದ್ ಮೇ ಮನಿ ಹಂಚ್ಕೋರಿ. ಆಗ ರೂಲ್ ಫೇರ್ ಆಗ್ತೈತಿ. ನಮ್ಮ ಫಿಲಾಸಫಿ ಮೇಡಮ್ ಹೇಳ್ತಾರೆ."

ಎಲ್ಲರೂ ಒಂದು ಗಳಿಗೆ ತಮ್ಮನ್ನು ನಾಲ್ಕನೇ ಮಾಳಿಗೆಯಲ್ಲಿ ಕಲ್ಪಿಸಿಕೊಂಡರು. ಖಾಲಿ ಬಕೆಟ್ಟು ಕಣ್ಣಮುಂದೆ ಬಂದು ಗಾಬರಿಯಾಯಿತು. ಮೇಲಿನವರಿಗೆ ಮೊದಲು, ನೆಲಮಹಡಿಗೆ ಎಲ್ಲರಿಗಿಂತ ಕೊನೆಗೆ ಎಂಬ ಠರಾವು ಬರೆಯಲಾಯಿತು. ಅಚ್ಚರಿಯೆಂದರೆ, ಅದರ ಪರವಾಗಿ ಮೊದಲು ಕೈಯೆತ್ತಿದ್ದು ನೆಲಮಹಡಿಯಲ್ಲೇ ಇರುವ ಶಶಿಕಾಂತ. ಅಣವೀರಪ್ಪನ ಮನೆಯ ಮಾಲಕ ಅವನೇ.

"ಎಂಥಾ ದೊಡ್ಡ ಮನಸ್ಸು ನೋಡ!" ಎಂದು ಅಣವೀರಪ್ಪ ಮನೆಗೆ ಬಂದವನೇ ಹಾಡಿ ಹೊಗಳಿದ. ನಾಗವ್ವ ಆಗಲೇ ಕಟ್ಟಿಟ್ಟಿದ್ದ ಬ್ಯಾಗು ಬಿಚ್ಚಿ, ಸಂಜೆಗೆ ರವೆಯ ಶಿರಾ ಮಾಡಿದಳು. ಗಂಡ ಹೆಂಡತಿ ಅಷ್ಟು ಸಂತೋಷವಾಗಿ ಕೂತು ಉಂಡು ಎಷ್ಟೋ ತಿಂಗಳಾಗಿತ್ತು.

ಶಿರಾ ಇನ್ನೂ ಬಿಸಿಯಿರುವಾಗಲೇ ಶಶಿಕಾಂತ ಬಂದ. ಅಡುಗೆಮನೆ, ಬಚ್ಚಲು ಎಲ್ಲ ನೋಡಿ, ನಲ್ಲಿಯನ್ನು ಪ್ರೀತಿಯಿಂದ ತಿರುಗಿಸಿದ.

"ಅಣವೀರಪ್ಪನವ್ರ, ನೀರಿಲ್ಲಂತ ನಾವು ಇಷ್ಟು ದಿನ ಕೆಳಗ ಇದ್ದಿವಿ. ಇಲ್ಲಿ ಗಾಳಿ ಬೆಳಕ ಭಾಳ ಛಲೋ. ನಿಮ್ಮ ಕರಾರು ಈ ತಿಂಗಳ ಮುಗೀತೈತಿ, ಇನ್ನ ನಾವೇ ಮ್ಯಾಲ ಬರ್ತೀವಿ. ನಿಮ್ಮನ್ನೇನ್ ಕೈ ಬಿಡಂಗಿಲ್ಲ. ನಮ್ಮ ಕೆಳಗಿನ ಮನಿ ನಿಮಗ."

ಅಣವೀರಪ್ಪನ ಬಾಯಲ್ಲಿದ್ದ ಶಿರಾ ಅಲ್ಲೇ ನಿಂತಿತು.

"ನೀರ ಮಾತ್ರ ಕಡೀಕ್ ಬರ್ತೈತಿ" ಎಂದ ಶಶಿಕಾಂತ, ಚಪ್ಪಲಿ ಮೆಟ್ಟುತ್ತ. "ಅದನ್ನ ನಿಮಗ ನಾ ಏನ್ ಹೇಳೂದು?"