ಚಕ್ ಬಿದ್ದುದಕ್ಕೆ ಲಿಖಿತ ವಿವರಣೆ

ಯಾವ ವಸ್ತು ಕೆಟ್ಟರೂ ಅದಕ್ಕೊಬ್ಬ ಹೊಣೆಗಾರನಿರಲೇಬೇಕು ಎಂಬುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಏಕೈಕ ಸಿದ್ಧಾಂತ. ಎಂ.ಎ. ಮುಗಿಸಿ ಗಂಗೊಳ್ಳಿಗೆ ಮರಳಿದವನಿಗೆ ಅದನ್ನು ಪ್ರಯೋಗಿಸಲು ಸಿಕ್ಕ ಮೊದಲ ಕ್ಷೇತ್ರ, ಬೋಟು ರಿಪೇರಿ ಮಾಡುವ ಮಾವನ ವರ್ಕ್‌ಶಾಪು. ಕಿರಿಮಂಜೇಶ್ವರದ ಮದುವೆಯೊಂದಕ್ಕೆ ಮೂರು ದಿನ ಹೊರಟ ಮಾವ, "ಉಪ್ಪಿನ್ ಗಾಳಿ ಮಾರಾಯ, ಮಿಷಿನಿಗೆ ಎಣ್ಣಿ ಹಚ್ಚುಕೆ ಮರಿಬೇಡ" ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟರು. ಆ ಅಪ್ಪಣೆಯನ್ನು ನಾನು ಚಾಚೂತಪ್ಪದೆ ಪಾಲಿಸಿದೆ.

ಮೂರನೆಯ ದಿನ ಬೆಳಿಗ್ಗೆ ಡ್ರಿಲ್ಲಿಂಗ್ ಮೆಷಿನ್ನಿನ ಚಕ್ ಕಳಚಿ ಬಿತ್ತು. ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಈ ಉಕ್ಕಿನ ತುಂಡಿಗೆ ಸ್ಕ್ರೂ ಇಲ್ಲ, ಬೋಲ್ಟಿಲ್ಲ. ತುದಿಗೆ ಸಣ್ಣದಾಗುತ್ತ ಬಂದ ಮೆಷಿನ್ನಿನ ದಂಡವೊಂದು ಅದರ ಕುಳಿಯಲ್ಲಿ ಬಿಗಿದು ಕೂತಿರುತ್ತದೆ, ಅಷ್ಟೆ. ಲಿಖಿತ ಒಪ್ಪಂದವೇ ಇಲ್ಲದ ಇಂಥ ವ್ಯವಸ್ಥೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಧೂಳು ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಮರಳಿ ಕೂರಿಸಿದೆ. ಬಿತ್ತು. ಇನ್ನಷ್ಟು ಶ್ರದ್ಧೆಯಿಂದ ಸವರಿ ಕೂರಿಸಿದೆ. ಈ ಸಲ ನನ್ನ ಕಾಲ್ಬೆರಳಿನ ಪಕ್ಕದಲ್ಲೇ ಬಿತ್ತು.

ಎದುರಿಗೆ ಬೋಟಿನ ಮಾಲೀಕ ರಾಮಣ್ಣ ಚುಕ್ಕಾಣಿಯ ಪ್ಲೇಟು ಹಿಡಿದು ನಿಂತಿದ್ದರು. ಮಳೆಗಾಲದ ನಿಷೇಧ ಮುಗಿದು ಅಂದೇ ಮೊದಲ ಮೀನುಗಾರಿಕೆ. ಪ್ಲೇಟಿಗೆ ನಾಲ್ಕು ತೂತು ಬೀಳದಿದ್ದರೆ ಸಂಜೆ ಕಡಲು ಉಬ್ಬುವ ಭರತದ ಹೊತ್ತಿಗೆ ಅವರ ಬೋಟು ಹೊಳೆಬಾಯಿಯ ಅಳಿವೆ ದಾಟುವಂತಿಲ್ಲ.

"ಹ್ವಾಯ್, ಎಂತ ಮಾಡ್ತಿದ್ರಿ? ಊರಿನ್ ಬೋಟೆಲ್ಲ ಹೋತ್, ನಾನ್ ಇಲ್ಲ್ ನಾಲ್ಕ್ ತೂತಿಗ್ ಕಾಯ್ಕಾ?"

ನಾನು ಮಾಡುತ್ತಿದ್ದುದು ವಿಚಾರಣೆ. ಮೆಷಿನ್ನನ್ನು ಕೊನೆಗೆ ಮುಟ್ಟಿದವರು ಇಪ್ಪತ್ತು ವರ್ಷಗಳಿಂದ ಅಲ್ಲಿ ಫಿಟ್ಟರ್ ಆಗಿರುವ ಶೇಷಣ್ಣ. "ಚಕ್ ಪದೇಪದೇ ಬೀಳಲು ಕಾರಣರಾದವರು ಮಧ್ಯಾಹ್ನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು" ಎಂದು ಬರೆದು ಗೋಡೆಗೆ ಅಂಟಿಸಿದೆ. ಶೇಷಣ್ಣ ಎರಡು ಸಲ ಓದಿದರು. "ಇಷ್ಟ್ ದೊಡ್ ವಿಚಾರ ಬರೆಯುಕೆ ನಂಗ್ ಅಕ್ಷರ ಸಾಲ್ದ್" ಎಂದವರೇ ಬುತ್ತಿ ಡಬ್ಬಿ ಎತ್ತಿಕೊಂಡು ಬಸ್ರೂರಿನ ಮನೆಗೆ ಹೊರಟುಬಿಟ್ಟರು.

ರಾಮಣ್ಣ ಬೈಕಿನಲ್ಲಿ ಹೋಗಿ, ಕೈಮುಗಿದು, ಅವರನ್ನು ಹಿಂದೆ ಕೂರಿಸಿಕೊಂಡು ಬರುವಾಗ ಮೂರು ಗಂಟೆ. ಶೇಷಣ್ಣ ಚಕ್ಕಿನ ಕುಳಿಯೊಳಗೆ ಬೆರಳು ತಿರುವಿ, ಮೂಗಿಗೆ ಹಿಡಿದರು.

"ಒಳ್ಗ್ ಎಣ್ಣಿ ಹಚ್ಚಿದ್ದ್ ಯಾರ್?"

"ನಾನು. ದಿನವೂ. ಕಳಚಿ, ಒಳಗೂ ಹೊರಗೂ."

"ಹೊರ್ಗ್ ಹಚ್ಚುದ್ ತುಕ್ಕಿಗೆ. ಒಳ್ಗ್ ಹಚ್ರೆ ಅದ್ ಕೂಕಂಬುದ್ ಹ್ಯಾಂಗೆ? ಜಾರ್ಬಂಡಿ ಮಾಡಿಟ್ರಿಯಲೆ!"

ರಾಮಣ್ಣ ನನ್ನನ್ನು ನೋಡಿದರು. ನಾನು ನೋಟಿಸನ್ನು ನೋಡಿದೆ.

ಕುಳಿಯನ್ನೂ ದಂಡವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಚಕ್ಕಿನ ಹಲ್ಲುಗಳನ್ನು ಒಳಕ್ಕೆಳೆದು, ಮರದ ಕೊಡತಿಯಿಂದ ಶೇಷಣ್ಣನ ಒಂದು ಪೆಟ್ಟು. ಕೂತಿತು. ನಾಲ್ಕೂ ತೂತು ಬಿದ್ದವು. ಹೊತ್ತು ಕಂತುವ ಮೊದಲು ರಾಮಣ್ಣನ ಬೋಟು ಅಳಿವೆ ದಾಟಿದ್ದನ್ನು ಬಂದರಿನಲ್ಲಿ ನಿಂತು ಕಣ್ಣಾರೆ ನೋಡಿದೆ.

ಮರಳಿ ಬಂದಾಗ ನೋಟಿಸಿನ ಕೆಳಗೆ ಒಂದು ಸ್ಟೂಲು, ಅದರ ಮೇಲೆ ಪೆನ್ನು, ಪಕ್ಕದಲ್ಲಿ ಶೇಷಣ್ಣ.

"ಮಧ್ಯಾಹ್ನ ಕಳ್ದ್ ಹೋಯ್ತ್. ಅಡ್ಡಿಲ್ಲೆ, ಬರೀರಿ ಕಾಂಬ."

ಬರೆದೆ. ನಾಲ್ಕು ಪುಟವಾಯಿತು. ಅದರಲ್ಲಿ ಮೊದಲ ಮೂರು ಪುಟ, ಸಮುದ್ರದ ಗಾಳಿಯ ಹೊಣೆಗಾರಿಕೆಯನ್ನು ಕುರಿತದ್ದು.