ವಿಧವೆಯನ್ನು ಕೊಂದ ಮೇಸ್ತ್ರಿಯ ಪರವಾಗಿ ಚಿತ್ರ ಕಂಪನಿಗೊಂದು ಬಿನ್ನಹ

ಹಾಲಿವುಡ್ಡಿನ ಗೋಲ್ಡನ್ ಪೆಲಿಕನ್ ಚಿತ್ರ ಕಂಪನಿಯ ಮಾಲೀಕರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಈರಿ ಸರೋವರದ ದಂಡೆಯ ನಮ್ಮ ಊರಿನಲ್ಲಿ ಎಲ್ಲರೂ ಕ್ಷೇಮ. ನಮ್ಮ ಪತ್ರಿಕೆಯ ಅಚ್ಚುಮೊಳೆ ಜೋಡಿಸುವ ಕಂಪೋಸಿಂಗ್ ಮೇಸ್ತ್ರಿ ಗಸ್ ಲೇಮನ್ ಅವರೊಬ್ಬರು ಮಾತ್ರ ತಮ್ಮ ದಯೆಯಿಂದ ಜೈಲಿನಲ್ಲಿದ್ದಾರೆ. ತಮ್ಮ ಕ್ಷೇಮಸಮಾಚಾರ ಟಿಕೆಟ್ ಕಿಟಕಿಯ ಮುಂದಿನ ಸಾಲನ್ನು ನೋಡಿದರೇ ತಿಳಿಯುತ್ತದೆ, ಆದ್ದರಿಂದ ವಿಚಾರಿಸುವುದಿಲ್ಲ.

ನಾನು 'ಈವ್ನಿಂಗ್ ಲ್ಯಾಂಟರ್ನ್' ಪತ್ರಿಕೆಯ ವರದಿಗಾರ್ತಿ. ತಮ್ಮ 'ಬೆಳಗಿನ ಆವೃತ್ತಿಯ ಸುಂದರಿ' ಚಿತ್ರದ ನಾಯಕಿಯೂ ವರದಿಗಾರ್ತಿ. ಆಕೆ ತುಪ್ಪುಳಿನ ಕೋಟು ತೊಟ್ಟು ಬೀರುವಿನೊಳಗೆ ಅಡಗಿ ಕೊಲೆಗಾರನನ್ನು ಹಿಡಿಯುತ್ತಾಳೆ; ನಾನು ಒದ್ದೆ ಬೂಟು ತೊಟ್ಟು ಠಾಣೆಯ ಬೆಂಚಿನ ಮೇಲೆ ಕಾಯುತ್ತೇನೆ. ಆಕೆ ಕೊನೆಗೆ ಕೆಲಸ ಬಿಟ್ಟು ಸಂಪಾದಕನನ್ನು ಮದುವೆಯಾದ ಮೇಲಂತೂ ನಮ್ಮ ಸಂಪಾದಕರು ನಾನು ಕೋಣೆಗೆ ಹೋದಾಗಲೆಲ್ಲ ಟೈ ಸರಿಮಾಡಿಕೊಳ್ಳುತ್ತಿದ್ದಾರೆ, ಪಾಪ, ಅವರ ಹೆಂಡತಿಗೆ ಇದು ಇನ್ನೂ ಗೊತ್ತಿಲ್ಲ. ಇವನ್ನೆಲ್ಲ ನಾನು ದೂರೆಂದು ಬರೆಯುತ್ತಿಲ್ಲ, ನುಂಗಿಕೊಂಡಿದ್ದೇನೆ.

ನುಂಗಲಾಗದ್ದು ಇದು. ಹೋದ ಚಳಿಗಾಲದಲ್ಲಿ ತಮ್ಮ ಕಥೆಗಾರರೊಬ್ಬರು ಪತ್ರಿಕೆಯ ಬದುಕನ್ನು ಅಭ್ಯಾಸ ಮಾಡಲೆಂದು ನಮ್ಮ ಕಚೇರಿಗೆ ದಯಮಾಡಿಸಿ, ನಮ್ಮ ಡೋನಟ್ಟುಗಳನ್ನು ಆಳವಾಗಿ ಅಭ್ಯಾಸ ಮಾಡಿ ಹೋದರು. ಹೊರಡುವ ದಿನ ಮೇಸ್ತ್ರಿ ಗಸ್ ಎಂದಿನಂತೆ ಕೂಗಿದ್ದು ಅವರ ಕಿವಿಗೆ ಬಿತ್ತು: "ಲೇ, ಆ ವಿಧವೇನ ಇನ್ನೂ ಯಾಕ್ರೋ ಬಿಟ್ಟಿದೀರಾ? ಕೊಂದು ನರಕಕ್ಕೆ ಎಸೀರೋ, ಹೊತ್ತಾಯ್ತು!" ತಮ್ಮ ಕಥೆಗಾರರು ಬೆಳ್ಳಗಾಗಿ ಹ್ಯಾಟನ್ನೂ ಮರೆತು ರೈಲು ಹತ್ತಿದರು.

ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವು. ಪ್ಯಾರಾದ ಕೊನೆಯ ಎರಡು ಪದ ಜಾಗ ಸಾಲದೆ ಮುಂದಿನ ಕಾಲಮ್ಮಿನ ತಲೆಯ ಮೇಲೆ ಒಂಟಿಯಾಗಿ ನಿಂತರೆ ಆ ಸಾಲಿಗೆ ನಮ್ಮವರು ವಿಧವೆ ಎನ್ನುತ್ತಾರೆ. ಅಚ್ಚಿನಿಂದ ತೆಗೆದುಹಾಕುವುದಕ್ಕೆ ಕೊಲ್ಲುವುದು ಎನ್ನುತ್ತಾರೆ. ತೆಗೆದ ಸೀಸದ ಅಕ್ಷರಗಳನ್ನು ಎಸೆಯುವ ಪೆಟ್ಟಿಗೆಯ ಹೆಸರು ನರಕ. ಇಷ್ಟೇ ಸ್ವಾಮಿ! ಇಷ್ಟಕ್ಕೆ ತಾವು ಏಪ್ರನ್ ತೊಟ್ಟ ಮೇಸ್ತ್ರಿಯೊಬ್ಬ ಮುಗ್ಧ ವಿಧವೆಯನ್ನು ಕೊಲ್ಲುವ ಈ ಚಿತ್ರ ತೆಗೆದಿರಿ. ಮೊದಲ ಆಟಕ್ಕೆ ಹೋದ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ಗಸ್ ಅವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುವಾರವೇ ನಮ್ಮ ಮುದ್ರಣಾಲಯದ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆಗಳನ್ನು ನಡೆಸುವ ಶ್ರೀಮತಿ ಟಿಲ್ಡಾ ಪಾಟ್ಸ್ ಅವರು ಯಾರಿಗೂ ಹೇಳದೆ ಕಾಣೆಯಾದರು. ದುರದೃಷ್ಟಕ್ಕೆ ಅವರು ನಿಜವಾದ ವಿಧವೆ. ಅವರ ಮನೆಯ ಬಾಡಿಗೆದಾರಳೊಬ್ಬಳು ತಮ್ಮ ಚಿತ್ರ ನೋಡಿಕೊಂಡು ಬಂದವಳೇ ಠಾಣೆಗೆ ಓಡಿ, ಗಸ್ ಅವರ ಕೂಗನ್ನು ತಾನು ಕಿಟಕಿಯಿಂದ ದಿನಾ ಕೇಳುತ್ತಿದ್ದೆನೆಂದು ಹೇಳಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ನಮ್ಮ ಸಾರ್ಜೆಂಟ್ ಮೆಕ್‌ನಲ್ಟಿಯವರು ಕೈಕೋಳ ಹಿಡಿದು ಬಂದರು.

"ವಿಧವೇರ್ನ ಕೊಲ್ತೀಯಂತಲ್ಲಾ, ನಿಜಾನಾ?" ಎಂದು ಅವರು ಕೇಳಿದರೆ, ವೃತ್ತಿಯ ಬಗ್ಗೆ ಅಭಿಮಾನ ಉಕ್ಕಿದ ನಮ್ಮ ಗಸ್ ಅವರು ಎದೆಯುಬ್ಬಿಸಿ, "ಮೀಸೆ ಚಿಗುರಿದಾಗಿಂದ ಕೊಲ್ತಾ ಬಂದಿದೀನಿ ಸಾರ್, ಒಂದೂ ತಪ್ಪಿಸ್ಕೊಂಡಿಲ್ಲ" ಎಂದುಬಿಟ್ಟರು. "ಆಮೇಲೆ ಏನ್ಮಾಡ್ತೀಯ?" "ನರಕ ತುಂಬಿದ್ಮೇಲೆ ಎಲ್ಲಾನೂ ಒಟ್ಟಿಗೆ ಹಾಕಿ ಕರಗಿಸ್ತೀವಿ." ಅಯ್ಯೋ ದೇವರೇ! ಪಕ್ಕದಲ್ಲೇ ಇದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಕೋಳ ಬಿದ್ದಿತ್ತು.

ಯಾರೋ ಬಾಲಕಿಯ ಮರಣವಾರ್ತೆ ಜೋಡಿಸುವಾಗಲೂ ಗೋಡೆಗೆ ಮುಖ ತಿರುಗಿಸಿ ಮೂಗೊರೆಸಿಕೊಳ್ಳುವ ಮನುಷ್ಯ ನಮ್ಮ ಗಸ್. ಸೋಮವಾರ ವಿಚಾರಣೆ, ಕೊಲೆಯೆಂದು ತೀರ್ಮಾನವಾದರೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಕುರ್ಚಿಯಿದೆ. ಅವರ ಹೆಂಡತಿ ಎಲ್ಸಾ ದಿನವೂ ಆಲೂಗಡ್ಡೆ ದೋಸೆ ಕಟ್ಟಿಕೊಂಡು ಹೋಗಿ ಜೈಲಿನ ಬಾಗಿಲಲ್ಲಿ ನಿಲ್ಲುತ್ತಾಳೆ, ಅದನ್ನು ಕಂಡರೆ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತವೆ.

ಸಾರ್ಜೆಂಟರಿಗೆ ನಾನು ಅಚ್ಚಾದ ಪುಟವನ್ನೇ ಬಿಡಿಸಿ, ನೋಡಿ ಸ್ವಾಮಿ, ವಿಧವೆಯೆಂದರೆ ಈ ಸಾಲು ಎಂದು ಬೆರಳಿಟ್ಟು ತೋರಿಸಿದೆ. "ಏನಮ್ಮಾ, ನನ್ನ ಕಿವಿಗೇ ಹೂ ಇಡ್ತೀಯಾ? ಸಾಲಿಗೆ ಗಂಡ ಎಲ್ಲಿಂದ ಬಂದ, ಅವನು ಸತ್ತು ಅದು ವಿಧವೆ ಆಗೋಕೆ? ನಾನು ಸಿನಿಮಾ ನೋಡಿದೀನಿ. ಕೊಂದೋನು ಏಪ್ರನ್ ಹಾಕ್ಕೊಂಡಿರ್ತಾನೆ. ನಿಮ್ ಗಸ್ ಹಾಕ್ಕೊಳ್ತಾನಾ, ಇಲ್ವಾ?" ಎಂದರು. ಹಾಕಿಕೊಳ್ಳುತ್ತಾರೆಂದು ಒಪ್ಪಿಕೊಳ್ಳಬೇಕಾಯಿತು. ಇತ್ತ ಸಂಪಾದಕರು, "ಇರ್ಲಿ ಬಿಡಮ್ಮಾ, ಪೇಪರ್ ಬಿಸಿ ಬಿಸಿ ಖರ್ಚಾಗ್ತಿದೆ. ಗಸ್ ಒಳಗೆ ಬೆಚ್ಚಗಿರ್ತಾನೆ" ಎಂದು ಸಮಾಧಾನ ಹೇಳಿದರು.

ಆದಕಾರಣ ತಮ್ಮಲ್ಲಿ ನನ್ನ ಅರಿಕೆಗಳು ಅತ್ಯಲ್ಪ. ತಮ್ಮ ನಾಯಕಿಯನ್ನು ಅದೇ ಕೋಟಿನಲ್ಲಿ ಸೋಮವಾರ ನಮ್ಮ ನ್ಯಾಯಾಲಯಕ್ಕೆ ಕಳುಹಿಸಿಕೊಡಬೇಕು, ಏಕೆಂದರೆ ನ್ಯಾಯಾಧೀಶರು ಆಕೆಯ ಮಾತನ್ನಲ್ಲದೆ ಬೇರೆ ಯಾವ ಹೆಂಗಸಿನ ಮಾತನ್ನೂ ನಂಬುವಂತೆ ಕಾಣುವುದಿಲ್ಲ. ಅದಾಗದಿದ್ದರೆ ಚಿತ್ರದ ಕೊನೆಯನ್ನು ಬದಲಿಸಿ, ಕೊಲೆ ಮಾಡಿದ್ದು ಸಾರ್ಜೆಂಟ್ ಎಂದು ತೋರಿಸಬೇಕು. ನಮ್ಮ ಮೆಕ್‌ನಲ್ಟಿಯವರು ಅದನ್ನು ನೋಡಿ ತಮ್ಮನ್ನು ತಾವೇ ಬಂಧಿಸಿಕೊಳ್ಳುವರೆಂಬ ಭರವಸೆ ನನಗಿದೆ. ಅದೂ ದುಬಾರಿಯೆನಿಸಿದರೆ ತಮ್ಮ ಕಥೆಗಾರರು, ತಾನು ಕೇಳಿದ್ದು ತಪ್ಪು ಎಂದು ಒಂದು ಸಾಲಿನ ತಂತಿ ಕಳಿಸಲಿ. ಈ ಮೂರನೆಯದನ್ನು ನಾನು ತಮಾಷೆಗೆ ಕೇಳುತ್ತಿಲ್ಲ.

ತಮ್ಮ ಚಿತ್ರ ಚಿರಾಯುವಾಗಲಿ, ನಮ್ಮ ಗಸ್ ಅವರೂ ಆಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ (ಸೋಮವಾರದವರೆಗಾದರೂ),
ಆಗ್ನೆಸ್ ಡನ್ಲೀವಿ

ತಾ.ಕ.: ಮೊದಲು ಕಳಿಸಿದ ಪ್ರತಿಗೆ ತಮ್ಮ ತಂತಿ ಬರಲಿಲ್ಲ, ಅದಕ್ಕೇ ಈ ನಕಲು. ಶ್ರೀಮತಿ ಪಾಟ್ಸ್ ಅವರನ್ನು ನಾನೇ ಟೊಲೀಡೊದಲ್ಲಿ ಅವರ ತಂಗಿಯ ಮನೆಯಲ್ಲಿ ಪತ್ತೆಹಚ್ಚಿದೆ. ಹಲ್ಲೆಲ್ಲ ಕೀಳಿಸಿಕೊಂಡು, ಬೊಚ್ಚುಬಾಯಿ ಊರವರಿಗೆ ಕಾಣಬಾರದೆಂದು ಹೊಸ ಹಲ್ಲಿಗೆ ಕಾದು ಕುಳಿತಿದ್ದರು. ಸೋಮವಾರ ಕೈಹಿಡಿದು ನ್ಯಾಯಾಲಯಕ್ಕೆ ಕರೆತಂದೆ. ಈತ ನಿಮ್ಮನ್ನು ಕೊಂದಿಲ್ಲ ತಾನೇ ಎಂದು ನ್ಯಾಯಾಧೀಶರು ಕೇಳಿದಾಗ ಆ ಪುಣ್ಯಾತ್ಗಿತ್ತಿ, "ಕೊಂದಿಲ್ಲ ಅಂತ ನಾನ್ ಹೆಂಗ್ ಹೇಳ್ಲಿ ಬುದ್ಧಿ? ಆವಾಗ ನಾನು ಊರಲ್ಲೇ ಇರ್ಲಿಲ್ವಲ್ಲಾ!" ಎಂದರು. ಹೀಗಾಗಿ ಕೊಲೆಯ ಆರೋಪವನ್ನು ಕೊಲೆಯ ಸಂಚು ಎಂದು ತಿದ್ದಿ ಗಸ್ ಅವರನ್ನು ಮತ್ತೆ ಒಳಗೆ ಕಳಿಸಿದ್ದಾರೆ, ಎಲ್ಸಾ ದೋಸೆಯ ಪೊಟ್ಟಣ ಹಿಡಿದು ಹಿಂದೆ ನಡೆದಳು. ತಮ್ಮ ನಾಯಕಿ ಮದುವೆಯಾಗಿ ಬಿಟ್ಟುಹೋದ ಆ ವರದಿಗಾರ್ತಿಯ ಕೆಲಸ ಇನ್ನೂ ಖಾಲಿಯಿದ್ದರೆ ದಯವಿಟ್ಟು ನನಗೆ ಕೊಡಿಸಿ. ತಮ್ಮ ಚಿತ್ರದ ಆ ಊರಿನಲ್ಲಿ ನಿಜ ಹೇಳಿದರೆ ಆಟ ಮುಗಿಯುವುದರೊಳಗೆ ನಿರಪರಾಧಿ ಮನೆ ಸೇರುತ್ತಾನೆ.