ಮಹಾರಾಜರಿಗೊಬ್ಬ ಧರ್ಮಪುತ್ರ

ವೆಲ್ಡರ್‌ಲಾಂಡ್ ದೇಶದ ದೊರೆ ಎರಡನೇ ಲಾಂಬರ್ಟ್ ಮಹಾರಾಜರು ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, ಒಬ್ಬ ರಾಜನಿಗೆ ಸಲ್ಲಬೇಕಾದ ಗೌರವಗಳೆಲ್ಲ ಅವರಿಗೆ ಸಂದಿದ್ದವು, ಒಂದನ್ನು ಬಿಟ್ಟು. ನಾನಾ ದೇಶಗಳ ಪದಕಗಳು ಎದೆಯ ಎಡಭಾಗ ತುಂಬಿ ಬಲಭಾಗಕ್ಕೂ ಹಬ್ಬಿದ್ದವು. ದೋಣಿ ಹತ್ತಿದರೆ ವಾಂತಿಯಾಗುವ ಅವರು ನೌಕಾಪಡೆಯ ಮಹಾದಂಡನಾಯಕರಾಗಿದ್ದರು. ಒಂದು ಜಾತಿಯ ಗುಲಾಬಿ, ಒಂದು ಸೇತುವೆ ಮತ್ತು ಸ್ವಲ್ಪ ವಾಸನೆ ಬರುವ ಒಂದು ಬಗೆಯ ಚೀಸ್ ಅವರ ಹೆಸರು ಹೊತ್ತಿದ್ದವು.

ಬಾಕಿ ಉಳಿದಿದ್ದ ಗೌರವ ಇದು. ಆ ದೇಶದಲ್ಲಿ ಯಾವ ತಾಯಿಗಾದರೂ ನಡುವೆ ಹೆಣ್ಣು ಬಾರದೆ ಸಾಲಾಗಿ ಏಳು ಗಂಡುಮಕ್ಕಳಾದರೆ, ಏಳನೆಯದಕ್ಕೆ ರಾಜರೇ ಧರ್ಮಪಿತರು. ದೀಕ್ಷಾಸ್ನಾನದ ದಿನ ಅವರು ಮಗುವನ್ನು ಎತ್ತಿಕೊಂಡು ತಮ್ಮ ಹೆಸರನ್ನೇ ಇಡಬೇಕು. ಲಾಂಬರ್ಟರ ಮುತ್ತಜ್ಜನಿಗೆ ಇಂಥ ಧರ್ಮಪುತ್ರರು ಒಂದು ಪಲ್ಟನ್ ಆಗುವಷ್ಟು ಇದ್ದರು. ಲಾಂಬರ್ಟರಿಗೆ ಒಬ್ಬನೂ ಇರಲಿಲ್ಲ. ಅವರ ಕಾಲದ ಪ್ರಜೆಗಳು ಎರಡು ಹೆತ್ತು, ಮೂರನೆಯದರ ಆಸೆಯಾದಾಗ ನಾಯಿ ಸಾಕುತ್ತಿದ್ದರು.

ಆದರೂ ಅರಮನೆಯಲ್ಲಿ ರಾಜ ಧರ್ಮಪಿತೃ ಕಚೇರಿ ಎಂಬುದೊಂದು ಚಾಚೂ ತಪ್ಪದೆ ನಡೆಯುತ್ತಿತ್ತು. ಅರ್ಜಿ ಪಡೆಯಲು ಒಬ್ಬರು, ಅರ್ಜಿ ಪರೀಕ್ಷಿಸಲು ಒಬ್ಬರು, ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲು ಇನ್ನೊಬ್ಬರು. ಇವರೆಲ್ಲರ ಮೇಲೆ ವರ್‌ಹಾಸ್ಟ್ ಎಂಬ ಮುಖ್ಯಾಧಿಕಾರಿ. ಈ ವರ್ಷವೂ ಅರ್ಜಿ ಬಂದಿಲ್ಲ ಎಂದು ವರ್ಷಕ್ಕೊಮ್ಮೆ ವರದಿ ಕೊಡುವುದು ಅವರ ಕೆಲಸ. ಬೆಳ್ಳಿಹಬ್ಬಕ್ಕೆ 'ಮಹಾರಾಜರ ಜೀವನ ಮತ್ತು ಗೌರವಗಳು' ಎಂಬ ದಪ್ಪ ಪುಸ್ತಕ ಅಚ್ಚಿಗೆ ಹೋಗಲು ತಯಾರಾಗಿತ್ತು. ಧರ್ಮಪುತ್ರರ ಕುರಿತ ಒಂಬತ್ತನೇ ಅಧ್ಯಾಯದಲ್ಲಿ ಶೀರ್ಷಿಕೆ ಮಾತ್ರ ಇತ್ತು. ಅಧ್ಯಾಯ ಖಾಲಿ ಹೋದರೆ ಕಚೇರಿಗೆ ಬೀಗ ಎಂದು ಹಣಕಾಸು ಮಂತ್ರಿ ನಗುತ್ತಲೇ ಹೇಳಿದ್ದರು. ಮಂತ್ರಿ ನಕ್ಕು ಹೇಳಿದ್ದು ನಡೆದೇ ತೀರುತ್ತದೆಂದು ವರ್‌ಹಾಸ್ಟ್‌ಗೆ ಗೊತ್ತಿತ್ತು.

ಅಷ್ಟರಲ್ಲಿ ಲಿಂಡಡಮ್ ಎಂಬ ಪುಟ್ಟ ಊರಿನಲ್ಲಿ ಆರು ಗಂಡುಮಕ್ಕಳ ತಾಯಿ ಗೋಡಲೀವ ಮತ್ತೆ ತುಂಬು ಬಸುರಿ ಎಂದು ತಿಳಿದುಬಂತು.

ಗೋಡಲೀವಳಿಗೆ ರಾಜನೂ ಬೇಕಿರಲಿಲ್ಲ, ಗಂಡೂ ಬೇಕಿರಲಿಲ್ಲ. ತೀರಿಹೋದ ಅವಳ ತಾಯಿಯ ಹೆಸರು ಫಿಲೋಮಿನಾ. ಮೊದಲ ಬಸುರಿನಿಂದಲೂ ಆ ಹೆಸರನ್ನು ಅವಳು ಎತ್ತಿಟ್ಟುಕೊಂಡಿದ್ದಳು, ಒಳ್ಳೆಯ ಸೀರೆಯನ್ನು ಮದುವೆಗೆಂದು ಎತ್ತಿಡುವ ಹಾಗೆ. ಪ್ರತಿ ಸಲವೂ ಹುಡುಗನೇ. ಈ ಸಲ ಸ್ಕ್ಯಾನ್ ಮಾಡಿದ ಡಾಕ್ಟರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಬಂದಿದ್ದಳು. ಕೆಟ್ಟ ಸುದ್ದಿಯನ್ನು ಮುಂಗಡ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ವರ್‌ಹಾಸ್ಟ್ ಹೂಗುಚ್ಛ ಹಿಡಿದು ಬಂದರು.

"ಅಭಿನಂದನೆಗಳು ಮೇಡಂ. ತಾವು ದೇಶಕ್ಕೆ ಗಂಡುಮಗು ಕೊಡಲಿದ್ದೀರಿ."

"ನಿಮಗ್ಯಾರು ಹೇಳಿದ್ದು?"

"ಕಚೇರಿಯ ಅಂದಾಜು."

"ನಿಮ್ಮ ಕಚೇರಿ ನನ್ನ ಹೊಟ್ಟೆ ಒಳಗೆ ಬಗ್ಗಿ ನೋಡ್ತಾ? ನಂಗೆ ಹೆಣ್ಣು ಬೇಕು ಸಾಹೇಬ್ರೇ. ಆರು ಗಂಡುಗಳ ಕಾಲುಚೀಲ ಒಗ್ದು ಒಗ್ದು ಮೂಗೇ ಸತ್ತುಹೋಗಿದೆ. ಇವರಪ್ಪಂದು ಬೇರೆ."

ಅವರಪ್ಪ ಇವೋ ಮೂಲೆಯಲ್ಲಿ ಕೂತು ತನ್ನ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

ವರ್‌ಹಾಸ್ಟ್ ಹೋದರು, ಮೇಯರ್ ಸ್ಟಾಫೆನ್ ಬಂದರು. ಆ ಊರಿನಲ್ಲಿ ರೈಲು ನಿಲ್ಲುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಿಲ್ದಾಣದಲ್ಲಿ ಪಾರಿವಾಳಗಳು ಸಂಸಾರ ಮಾಡುತ್ತಿದ್ದವು. ಮಕ್ಕಳು ಮಳೆಯಲ್ಲಿ ನೆನೆದು, ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗಬೇಕಿತ್ತು. ಆದರೆ ಮಹಾರಾಜರು ಧರ್ಮಪುತ್ರನನ್ನು ನೋಡಲು ರೈಲಿನಲ್ಲೇ ಬರುವುದು ಪದ್ಧತಿ, ಮತ್ತು ರಾಜರು ಇಳಿದ ನಿಲ್ದಾಣವನ್ನು ಮುಚ್ಚುವಂತಿಲ್ಲ ಎಂಬುದು ಕಾನೂನು.

"ತಾಯಿ, ನಿನ್ನ ಹೊಟ್ಟೇಲಿ ನಮ್ಮೂರ ರೈಲಿದೆ," ಎಂದರು ಮೇಯರ್.

"ಅದಕ್ಕೇ ಈ ಪರಿ ಒದೀತಿದೆ," ಎಂದಳು ಗೋಡಲೀವ.

ಮಾರನೆಯ ದಿನವೇ ಪಾರಿವಾಳಗಳನ್ನು ಓಡಿಸಿ ನಿಲ್ದಾಣಕ್ಕೆ ಬಣ್ಣ ಬಳಿಯತೊಡಗಿದರು.

ಹುಟ್ಟಿದ್ದು ಹೆಣ್ಣು.

ಗೋಡಲೀವ ಆರು ಹೆರಿಗೆಯಲ್ಲಿ ಅಳದೆ ಉಳಿಸಿಕೊಂಡಿದ್ದ ಅಳುವನ್ನೆಲ್ಲ ಒಂದೇ ಸಲ ಅತ್ತಳು. ಮಗುವಿನ ಕಿವಿಯಲ್ಲಿ "ಫಿಲೋಮಿನಾ" ಎಂದಳು. ನೋಡಲು ಬಂದವರಿಗೆ ಹಂಚಲು ಇವೋ, ಹೆಣ್ಣು ಹುಟ್ಟಿದರೆ ಕೊಡುವ ಗುಲಾಬಿ ಬಣ್ಣದ ಸಕ್ಕರೆ ಬಾದಾಮಿ ತಂದ. ವರ್‌ಹಾಸ್ಟ್ ಬಂದು ಮಗುವನ್ನು ನೋಡಿದರು, ಬಾದಾಮಿಯ ಬಣ್ಣ ನೋಡಿದರು, ಒಂದು ಬಾದಾಮಿ ತಿಂದು ಎದ್ದು ಹೋದರು. ಎರಡೇ ದಿನದಲ್ಲಿ ಚರ್ಚಿನ ಬಾಗಿಲಿಗೆ ಕಚೇರಿಯ ಸುತ್ತೋಲೆ ಅಂಟಿತು:

"ಏಳನೆಯ ಗಂಡುಮಗು ಎಂಬುದು ಒಂದು ಸ್ಥಾನವೇ ಹೊರತು ದೇಹವಲ್ಲ. ಆರು ಗಂಡುಮಕ್ಕಳ ತರುವಾಯ ಸದರಿ ಸ್ಥಾನವು ತಾನಾಗಿಯೇ ತೆರವಾಗುವುದು. ಅದರಲ್ಲಿ ಹುಟ್ಟಿದವರು ಯಾರೇ ಆಗಿರಲಿ, ಸ್ಥಾನಕ್ಕೆ ತಕ್ಕಂತೆ ಹೊಂದಿಕೊಳ್ಳತಕ್ಕದ್ದು. ಸಾರ್ವಜನಿಕರು ಮಗುವಿನ ಬಟ್ಟೆಯನ್ನು ಅನಗತ್ಯವಾಗಿ ಬಿಚ್ಚತಕ್ಕದ್ದಲ್ಲ."

"ನನ್ನ ಮಗಳನ್ನ ಗಂಡು ಅಂತೀರಾ? ನಿಮ್ಮ ನಾಲಿಗೆಗೆ ಗೆದ್ದಲು ಹಿಡಿಯಾ!" ಎಂದು ಗೋಡಲೀವ ತಾನು ಬಾಣಂತಿ ಎನ್ನುವುದನ್ನೂ ಮರೆತು ಬೀದಿಗಿಳಿದಳು. ಬೀದಿಯಲ್ಲಿ ಇಡೀ ಊರೇ ನಿಂತಿತ್ತು. ಬ್ರೆಡ್ಡಿನ ಅಂಗಡಿಯವಳು ಮಗುವಿನ ಕೆನ್ನೆ ಸವರಿ, "ಏನು ಗಂಡುಕಳೆ ಇದೆಯೇ ಮುಖದಲ್ಲಿ!" ಎಂದಳು. ಪಾದ್ರಿಗಳು, "ದೇವರಿಗೆ ಗೊತ್ತಿರುತ್ತೆ ಬಿಡಮ್ಮ. ನಾವು ಯಾಕೆ ಮತ್ತೆ ಹೇಳ್ಬೇಕು?" ಎಂದರು. ಕೊನೆಗೆ ಅವಳ ಹಿರಿಮಗ ಯೋರಿಸ್, ಒದ್ದೆ ಬೂಟು ಕಳಚುತ್ತಾ, "ಅಮ್ಮಾ, ರೈಲು ಬಂದ್ರೆ ಬೆಳಗ್ಗೆ ಇನ್ನೊಂದು ಗಂಟೆ ಮಲಗಬಹುದಿತ್ತು," ಎಂದ. ಊರಿನ ಬಾಯಿಗೆ ಬಗ್ಗದವಳು ಆ ಬೂಟಿನ ನೀರಿಗೆ ಬಗ್ಗಿದಳು.

"ಆಯ್ತು. ನಾನಾಗಿ ಬಾಯಿ ಬಿಡಲ್ಲ," ಎಂದಳು ವರ್‌ಹಾಸ್ಟ್‌ಗೆ. "ಆದ್ರೆ ರಾಜರು ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಮಹಾರಾಜರು ಕೇಳುವ ಪದ್ಧತಿ ಇಲ್ಲ ಮೇಡಂ. ಕೇಳಿಸಿಕೊಳ್ಳುವ ಪದ್ಧತಿಯೂ ಇಲ್ಲ."

ಮಹಾರಾಜರು ರೈಲಿನಲ್ಲಿ ಬಂದಿಳಿದರು. ಜೊತೆಗೆ ರೈಲ್ವೆ ಮಂತ್ರಿ, ವಾದ್ಯದವರು, ಒಂಬತ್ತನೇ ಅಧ್ಯಾಯಕ್ಕೆ ಚಿತ್ರ ತೆಗೆಯುವವನು. ಚರ್ಚಿನಲ್ಲಿ ಮಗುವನ್ನು ಅವರ ಕೈಗಿತ್ತ ಕೂಡಲೇ ಅದು ಮಾಡಬಾರದ್ದು ಮಾಡಿತು. ಮೂರು ಪದಕಗಳ ಪಟ್ಟಿ ನೆನೆಯಿತು. ಸೇವಕರು ಓಡಿ ಬರುವಷ್ಟರಲ್ಲಿ ದೊರೆಗಳು ತಾವೇ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಬಟ್ಟೆ ಬಿಚ್ಚಿದರು. ಅವರಿಗೂ ಹೆಣ್ಣುಮಕ್ಕಳಿದ್ದರು, ಅಭ್ಯಾಸವಿತ್ತು.

"ಇದು ಹೆಣ್ಣುಮಗು," ಎಂದರು.



"ಹೌದು ಸ್ವಾಮಿ!" ಎಂದಳು ಗೋಡಲೀವ. "ನಾನೂ ಅದನ್ನೇ ಬಡ್ಕೊಳ್ತಿದ್ದೀನಿ."

ವರ್‌ಹಾಸ್ಟ್ ಮುಂದೆ ಬಂದು, ಬಹಳ ವಿನಯದಿಂದ ಸಂವಿಧಾನವನ್ನು ನೆನಪಿಸಿದರು. ಮಂತ್ರಿಯೊಬ್ಬರ ಸಹಿ ಬೀಳದೆ ಮಹಾರಾಜರ ಯಾವ ಮಾತೂ ಜಾರಿಗೆ ಬರುವುದಿಲ್ಲ. ಎಲ್ಲರೂ ರೈಲ್ವೆ ಮಂತ್ರಿಯತ್ತ ತಿರುಗಿದರು. ಮಂತ್ರಿ ಚಾವಣಿಯ ಚಿತ್ರಗಳನ್ನು ನೋಡುತ್ತಾ, "ಹೆಣ್ಣು ಗಂಡು ನನ್ನ ಖಾತೆಗೆ ಬರಲ್ಲ. ರೈಲಿನಲ್ಲಿ ಎರಡಕ್ಕೂ ಒಂದೇ ಟಿಕೆಟ್ಟು," ಎಂದರು. ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಮಹಾರಾಜರು ಏನೂ ಹೇಳಿರಲಿಲ್ಲ.

"ಇಪ್ಪತ್ತೈದು ವರ್ಷದಲ್ಲಿ ಯಾರೂ ಬರೆದುಕೊಡದೆ ನಾನಾಗಿ ಆಡಿದ ಮೊದಲ ಮಾತಮ್ಮ ಅದು," ಎಂದರು ದೊರೆಗಳು ಮೆಲ್ಲಗೆ, ಬಟ್ಟೆ ಕಟ್ಟುತ್ತಾ.

"ನಿಮ್ಮದೂ ನನ್ನ ಪಾಡೇ ಆಯ್ತಲ್ಲ ಸ್ವಾಮಿ," ಎಂದಳು ಗೋಡಲೀವ. "ಪಿನ್ನು ಸ್ವಲ್ಪ ಈಚೆಗೆ ಹಾಕಿ, ಚುಚ್ಚತ್ತೆ."

ಮಗುವಿಗೆ ಲಾಂಬರ್ಟ್ ಎಂದು ಹೆಸರಾಯಿತು. ಒಂಬತ್ತನೇ ಅಧ್ಯಾಯ ತುಂಬಿತು. ರೈಲು ನಿಲ್ಲತೊಡಗಿತು. ಯೋರಿಸ್ ಒಂದು ಗಂಟೆ ಹೆಚ್ಚು ಮಲಗಿದ.

ಗೋಡಲೀವ ಮಾತ್ರ ಪುರಸಭೆಗೆ ತಿರುಗಿ ಚಪ್ಪಲಿ ಸವೆಸಿದಳು. ಲಸಿಕೆ ಹಾಕಿಸಲು ಹೋದರೆ 'ಇವನನ್ನು ಹಿಡಿದುಕೊಳ್ಳಿ' ಎನ್ನುತ್ತಿದ್ದರು. ಕಾಗದದಲ್ಲಿ ಮಗಳನ್ನು ಮಗಳೆಂದು ಬರೆಸಲು ಕೇಳಿದರೆ, ಮಹಾರಾಜರು ಬದುಕಿರುವ ತನಕ ಅವರ ಗೌರವವನ್ನು ತಿದ್ದುವಂತಿಲ್ಲ ಎಂಬ ಉತ್ತರ. "ಆ ಪುಣ್ಯಾತ್ಮ ನೂರು ವರ್ಷ ಬಾಳ್ಲಿ," ಎಂದು ಅವಳು ಹಲ್ಲು ಕಚ್ಚಿ ಮನೆಗೆ ಬರುತ್ತಿದ್ದಳು. ಒಳ್ಳೆಯ ಮನುಷ್ಯನಿಗೆ ಕೆಟ್ಟದ್ದು ಬಯಸಲು ಅವಳಿಗೆ ಬಾಯಿ ಬರಲಿಲ್ಲ.

ಹೀಗಿರುವಾಗ, ಮಗುವಿಗೆ ವರ್ಷ ತುಂಬುವ ಮೊದಲೇ ಇನ್ನೊಂದು ಹುಟ್ಟಿತು. ಇದು ಗಂಡು, ಸಂಶಯಕ್ಕೆ ಜಾಗವೇ ಇರಲಿಲ್ಲ. ಗೋಡಲೀವ ಕೂಸನ್ನು ಎತ್ತಿಕೊಂಡು ತಾನೇ ಪುರಸಭೆಯ ಗುಮಾಸ್ತನ ಮುಂದೆ ಹೋಗಿ ನಿಂತಳು.

"ಬರ್ಕೊಳ್ಳಪ್ಪ. ಹೆಣ್ಣು. ಫಿಲೋಮಿನಾ."

ಗುಮಾಸ್ತ ಹಣಕಿ ನೋಡಿದ. "ಗಂಡಿನ ಹಾಗೆ ಕಾಣ್ತಾನಲ್ಲಕ್ಕಾ?"

"ಹೋದ ವರ್ಷ ನಿಂಗೆ ಕಣ್ಣು ಕಾಣ್ತಿರ್ಲಿಲ್ಲ. ಈ ವರ್ಷ ಯಾಕೆ ಕಾಣ್ಬೇಕು? ಸುತ್ತೋಲೆ ಓದಿದ್ದೀಯೋ ಇಲ್ವೋ? ದೇಹ ಅಲ್ಲ, ಸ್ಥಾನ! ಏಳು ಗಂಡಾದ ಮೇಲೆ ನಮ್ಮನೇಲಿ ತೆರವಾಗಿರೋದು ಹೆಣ್ಣಿನ ಸ್ಥಾನ. ಅರಮನೇದು ತಪ್ಪು ಅಂತ ಬರ್ದುಕೊಡ್ತೀಯಾ?"

ಗುಮಾಸ್ತನಿಗೆ ನಿವೃತ್ತಿಗೆ ಇನ್ನೂ ಬಹಳ ವರ್ಷವಿತ್ತು. ಬರೆದುಕೊಂಡ.

ಮನೆಗೆ ಬಂದು ಗೋಡಲೀವ ಎರಡು ಮಕ್ಕಳ ಕಾಗದಗಳನ್ನು ಅದಲುಬದಲು ಮಾಡಿದಳು. ಈಗ ಕಾಗದದಲ್ಲಿ ಏಳು ಗಂಡು ಒಂದು ಹೆಣ್ಣು, ಮನೆಯಲ್ಲೂ ಏಳು ಗಂಡು ಒಂದು ಹೆಣ್ಣು. ಚಿಕ್ಕವನು ಲಾಂಬರ್ಟ್ ಆದ, ನಿಜಕ್ಕೂ ಏಳನೆಯ ಗಂಡೇ ಆದ. ಅಂಬೆಗಾಲಿಟ್ಟು ಹೊರಗೆ ಹೋದ ದೊಡ್ಡದನ್ನು ಅವಳು ಬಾಗಿಲಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ, "ಫಿಲೋಮಿನಾ! ಬಾರೇ ಒಳಗೆ!" ಎಂದು ಕೂಗಿದಳು. ಯಾರೂ ಏನೂ ಅನ್ನಲಿಲ್ಲ. ಹುಡುಗಿಗೆ ಕಾಗದದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ವಯಸ್ಸು ಇಳಿದಿತ್ತು. ಹೆಣ್ಣಿಗೆ ಅದರಿಂದ ನಷ್ಟವೇನು ಎಂದ ಇವೋ, ತಲೆಗೆ ಒಂದು ಮೊಟಕು ತಿಂದ.

ಧರ್ಮಪುತ್ರನ ಮೊದಲ ಹುಟ್ಟುಹಬ್ಬಕ್ಕೆ ಅರಮನೆಗೆ ಚಿತ್ರ ಕಳಿಸಬೇಕಿತ್ತು. ಚಿಕ್ಕವನದನ್ನೇ ಕಳಿಸಿದರು. ರಾಜ ಧರ್ಮಪಿತೃ ಕಚೇರಿಯಲ್ಲಿ ಪಡೆಯುವವರು ಪಡೆದರು, ಪರೀಕ್ಷಿಸುವವರು ಪರೀಕ್ಷಿಸಿದರು, ಮೂರನೆಯವರು ಪರೀಕ್ಷೆ ಸರಿ ಎಂದರು. ವರ್‌ಹಾಸ್ಟ್ ಪ್ರಕಟಣೆ ಹೊರಡಿಸಿದರು: "ಮಹಾರಾಜರು ಎತ್ತಿಕೊಂಡ ಮಗುವು ಕಳೆದ ವರ್ಷಕ್ಕಿಂತ ಈ ವರ್ಷ ಚಿಕ್ಕದಾಗಿರುವುದು ಗಮನಕ್ಕೆ ಬಂದಿದೆ. ಆರೋಗ್ಯ ಉತ್ತಮವಾಗಿದೆ. ಇದನ್ನು ಮಹಾರಾಜರ ಗೌರವಗಳಲ್ಲಿ ಸೇರಿಸಲಾಗಿದೆ."

ಅಂದಿನಿಂದ ದೊರೆಗಳು ರೈಲು ಇಳಿದಲ್ಲೆಲ್ಲ ನಡುವಯಸ್ಸು ದಾಟಿದ ಹೆಂಗಸರು, ವಯಸ್ಸು ಇಳಿಯುವ ಆಸೆಗೆ, ತಮ್ಮನ್ನೂ ಒಮ್ಮೆ ಎತ್ತಿಕೊಳ್ಳಲಿ ಎಂದು ಸಾಲುಗಟ್ಟಿ ನಿಲ್ಲುತ್ತಾರೆ. ದೊರೆಗಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಒಬ್ಬೊಬ್ಬರನ್ನೇ ಎತ್ತಿ ಇಳಿಸುತ್ತಾರೆ. ಮೊನ್ನೆ ಲಿಂಡಡಮ್ಮಿನಲ್ಲಿ ಆ ಸಾಲಿನ ಕೊನೆಗೆ, ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಮೇಯರ್ ಸ್ಟಾಫೆನ್ ನಿಂತಿದ್ದರು.